ಭಂಡಾರಿ ಬಸವಣ್ಣನವರೂ ಹಣದ ಸುಖವೂ

ಸನ್ ೨೦೦೬ನೆಯ ಇಸವಿಯಲ್ಲಿ ಭಾರತ ಸರಕಾರವು ಐದು ರೂಪಾಯಿಯ ನಾಣ್ಯವೊಂದರ ಮೇಲೆ ಮಹಾತ್ಮಾ ಬಸವೇಶ್ವರರ ಮುಖಮುದ್ರೆಯನ್ನು ಒತ್ತಿಸಿ ಹೊರಡಿಸಿತು. ಮಹಾಪುರುಷರ ಮುಖವನ್ನು ನಾಣ್ಯದ ಮೇಲೆ ಮೂಡಿಸುವದು ಅನೇಕ ಸರಕಾರಗಳ ಪದ್ಧತಿ, ಅದರಲ್ಲೇನೂ ಹೊಸತಿಲ್ಲ. ಆದರೆ ಈ ಮಹಾಪುರುಷರ ವಿಷಯದಲ್ಲಿ ಆ ಗೌರವಕ್ಕೆ ಒಂದು ವಿಶೇಷವಾದ ಔಚಿತ್ಯವುಂಟು. ಲೋಕಕ್ಕೆ ದಾರಿ ತೋರಿದವರಲ್ಲಿ ಅರಮನೆಯನ್ನು ತೊರೆದು ನಡೆದ ರಾಜಪುತ್ರರಿದ್ದಾರೆ, ಕಾಡು ಸೇರಿದ ತಪಸ್ವಿಗಳಿದ್ದಾರೆ, ತಿರಿದುಂಡ ಸಂತರಿದ್ದಾರೆ. ಒಂದು ರಾಜ್ಯದ ಹಣವನ್ನೆಲ್ಲ ಎಣಿಸಿ, ಲೆಕ್ಕ ಬರೆದಿಟ್ಟು, ಬೀಗ ಹಾಕಿ ಕಾಯ್ದ ಭಂಡಾರಿಯೊಬ್ಬನು ಲೋಕದ ಗುರುವೆನಿಸಿದ್ದು ಮಾತ್ರ ಅಪರೂಪವಾದ ಸಂಗತಿ. ಹಣದಿಂದ ಸುಖವುಂಟೇ ಎಂಬ ಪ್ರಶ್ನೆಯನ್ನು ಕೇಳಬೇಕಾದರೆ ಹಣವನ್ನು ಕಾಣದವನನ್ನು ಕೇಳಿ ಫಲವಿಲ್ಲ. ಹಣದ ರಾಶಿಯ ನಡುವೆ ಕುಳಿತು ಬಾಳಿದವನನ್ನೇ ಕೇಳಬೇಕು. ಅಂಥವರೊಬ್ಬರು ನಮ್ಮ ಹುನಗುಂದದ ನೆಲದಲ್ಲಿಯೇ ಓದಿ, ಬೆಳೆದು, ಕೊನೆಗೆ ಅಲ್ಲಿಯೇ ಬಯಲಾದರು. ಆದುದರಿಂದ ಅವರ ಜೀವನವನ್ನು ಈ ಒಂದು ದೃಷ್ಟಿಯಿಂದ ನೋಡುವದು ಉಚಿತವೆಂದು ನಾವು ಭಾವಿಸಿದ್ದೇವೆ.

ಈ ಪ್ರಶ್ನೆಗೆ ಲೋಕದಲ್ಲಿ ಎರಡು ಉತ್ತರಗಳು ಚಲಾವಣೆಯಲ್ಲಿವೆ. ಹಣವಿದ್ದರೆ ಎಲ್ಲವೂ ಉಂಟೆನ್ನುವದು ಒಂದು. ಹಣವು ಮಾಯೆ, ಅದರಲ್ಲಿ ಸುಖವಿಲ್ಲವೆನ್ನುವದು ಇನ್ನೊಂದು. ವಿಚಾರಿಸಿ ನೋಡಿದರೆ ಎರಡನೆಯ ಉತ್ತರವನ್ನು ಹೇಳುವವರು ಬಹುಶಃ ಹೊಟ್ಟೆ ತುಂಬಿದವರು, ಕೇಳಬೇಕಾದವರು ಹಸಿದವರು. ಕೂಲಿಯನ್ನು ಹೆಚ್ಚಿಸಿರೆಂದು ಬೇಡಿದವನಿಗೆ ವೈರಾಗ್ಯದ ಉಪದೇಶವನ್ನು ಮಾಡುವ ಧನಿಕರನ್ನು ಪ್ರತಿಯೊಂದು ಊರೂ ಕಂಡಿದೆ. ಮೊದಲನೆಯ ಉತ್ತರವು ಲೋಭವನ್ನು ಬೆಳೆಸಿದರೆ ಎರಡನೆಯದು ಕಪಟವನ್ನು ಬೆಳೆಸುತ್ತದೆ. ಬಸವಣ್ಣನವರು ಈ ಎರಡನ್ನೂ ಒಪ್ಪಲಿಲ್ಲ. ಅವರ ಹಿರಿಮೆಯಿರುವದೂ ಅಲ್ಲಿಯೇ.

ಅವರು ಕಾಲಿಟ್ಟ ನಾಡು ಬಡನಾಡಾಗಿರಲಿಲ್ಲ. ೬ನೆಯ ಶತಮಾನದಲ್ಲಿಯೇ ಬಾದಾಮಿಯಿಂದ ಚಾಲುಕ್ಯರು ಆಳಿದ್ದರು. ಅಲ್ಲಿಯ ೩ನೆಯ ಗುಹೆಯನ್ನು ಕೊರೆಯಿಸಿದ ವಿಷಯವನ್ನು ಸಾರುವ ಮಂಗಳೇಶನ ಶಾಸನವು ೫೭೮ನೆಯ ಇಸವಿಯದು. ಮಲಪ್ರಭೆಯ ದಂಡೆಯ ಐಹೊಳೆಯು ಗುಡಿಗಳ ಊರು ಮಾತ್ರವಲ್ಲ. ಅಯ್ಯಾವೊಳೆಯ ಐನೂರ್ವರೆಂಬ ಮಹಾ ವರ್ತಕಸಂಘವು ತನ್ನ ಹೆಸರನ್ನು ಪಡೆದದ್ದು ಆ ಊರಿನಿಂದಲೇ. ಈ ಸಂಘದ ಶಾಸನಗಳು ಕನ್ನಡ ನಾಡಿನಲ್ಲಿಯೇ ಅಲ್ಲದೆ ತಮಿಳು ನಾಡಿನಲ್ಲಿಯೂ ಸಮುದ್ರದಾಚೆಯ ಸುಮಾತ್ರ ದ್ವೀಪದಲ್ಲಿಯೂ ದೊರೆತಿವೆ. ಮುತ್ತು, ಕರ್ಪೂರ, ಕುದುರೆ, ಬಟ್ಟೆ, ಮೆಣಸುಗಳ ವ್ಯಾಪಾರದಿಂದ ಹೊನ್ನು ಹೊಳೆಯಾಗಿ ಹರಿದ ಕಾಲವದು. ಅದೇ ಮಲಪ್ರಭೆಯು ಮುಂದೆ ಹರಿದು ಕೃಷ್ಣೆಯನ್ನು ಕೂಡುವ ಸ್ಥಳವೇ ಕೂಡಲಸಂಗಮ. ಹೊನ್ನಿನ ಸುಖವೇನೆಂಬದನ್ನು ಈ ನಾಡು ಬಸವಣ್ಣನವರಿಗಿಂತ ಮೊದಲೇ ಬಲ್ಲದಾಗಿತ್ತು. ಅರಸರು ಬಾದಾಮಿಯನ್ನು ಬಿಟ್ಟರು, ವರ್ತಕರು ಐಹೊಳೆಯನ್ನು ಬಿಟ್ಟರು, ಗುಡಿಗಳು ಉಳಿದವು. ಹೊನ್ನು ಎಲ್ಲಿ ಹೋಯಿತೆಂಬದನ್ನು ಇಂದು ಯಾರೂ ಕೇಳುವದಿಲ್ಲ.

ಬಸವಣ್ಣನವರು ೧೨ನೆಯ ಶತಮಾನದ ಮೊದಲರ್ಧದಲ್ಲಿ, ಇಂದು ವಿಜಯಪುರ ಜಿಲ್ಲೆಗೆ ಸೇರಿರುವ ಬಾಗೇವಾಡಿಯ ಅಗ್ರಹಾರದ ಮನೆತನದಲ್ಲಿ ಮಾದರಸ ಮಾದಲಾಂಬಿಕೆಯರ ಮಗನಾಗಿ ಜನಿಸಿದರು. ಹುಟ್ಟಿದ ವರ್ಷದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವರು ಕವಿಗಳ ಕಲ್ಪನೆಯಲ್ಲವೆಂಬದಕ್ಕೆ ಕಲ್ಲಿನ ಸಾಕ್ಷಿಯಿದೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ ೧೨೬೦ನೆಯ ಇಸವಿಯ ಶಾಸನವು ಅವರನ್ನು ಹೆಸರಿಸುತ್ತದೆ. ಅಗ್ರಹಾರದ ಬಾಲಕನಿಗೆ ಮಾನಕ್ಕೇನೂ ಕೊರತೆಯಿರಲಿಲ್ಲ. ಜನಿವಾರವನ್ನು ಧರಿಸಿ, ಹಿರಿಯರ ದಾರಿಯನ್ನು ಹಿಡಿದಿದ್ದರೆ ದತ್ತಿಯ ಭೂಮಿಯೂ ದಕ್ಷಿಣೆಯೂ ಕುಳಿತಲ್ಲಿಗೇ ಬರುತ್ತಿದ್ದವು. ಹೆಣ್ಣುಮಕ್ಕಳಿಗಿಲ್ಲದ ಸಂಸ್ಕಾರವು ತನಗೂ ಬೇಡವೆಂದು, ಅಕ್ಕ ನಾಗಮ್ಮನಿಗಿಲ್ಲದ್ದನ್ನು ತಾನು ಒಲ್ಲೆನೆಂದು ಆ ಬಾಲಕನು ಮನೆಯನ್ನೇ ಬಿಟ್ಟನೆಂದು ಪರಂಪರೆಯು ಹೇಳುತ್ತದೆ. ದುಡಿಯದೆ ಬರುವ ಸುಖವನ್ನು ಅವರು ನಿರಾಕರಿಸಿದ್ದು ಅದೇ ಮೊದಲು. ಆ ನಿರಾಕರಣೆಯು ಜೀವನದ ಕೊನೆಯ ವರೆಗೂ ನಡೆಯಿತು.

ಮನೆ ಬಿಟ್ಟ ಬಾಲಕನು ಸೇರಿದ್ದು ಕೂಡಲಸಂಗಮವನ್ನು. ಅಲ್ಲಿಯ ಗುರುಗಳನ್ನು ಈಶಾನ್ಯ ಗುರುಗಳೆಂದೂ ಜಾತವೇದ ಮುನಿಗಳೆಂದೂ ಕರೆಯುವದುಂಟು. ಎರಡು ಹೊಳೆಗಳ ನಡುವಿನ ಆ ವಿದ್ಯಾಸ್ಥಾನದಲ್ಲಿ ಅವರು ಹಲವು ವರ್ಷಗಳನ್ನು ಕಳೆದರು. ಹೂ ಕೊಯ್ಯುವದು, ನೀರು ತರುವದು, ಸಂಗಮೇಶ್ವರನ ಸೇವೆ, ಶಾಸ್ತ್ರಾಧ್ಯಯನ, ಇವೇ ಅಲ್ಲಿಯ ದಿನಚರಿ. ಅದೇ ಸುಖವೆಂದು ಅವರು ಅಲ್ಲಿಯೇ ಉಳಿದಿದ್ದರೆ ಇನ್ನೊಬ್ಬ ತಪಸ್ವಿಯ ಹೆಸರು ನಮಗೆ ದೊರೆಯುತ್ತಿತ್ತು, ಬಸವಣ್ಣನವರು ದೊರೆಯುತ್ತಿರಲಿಲ್ಲ. ಸಂಗಮವನ್ನು ಬಿಟ್ಟು ಬಿಜ್ಜಳನಿದ್ದ ಮಂಗಳವಾಡಕ್ಕೆ ಹೋಗುವ ಪ್ರಸಂಗ ಬಂದಾಗ ಅವರಿಗೆ ತುಂಬ ಸಂಕಟವಾಯಿತೆಂದು ಹರಿಹರ ಕವಿಯು ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ. ಆದರೂ ಅವರು ಹೋದರು. ಶಾಂತಿಯ ಸ್ಥಳದಿಂದ ಹಣದ ಸ್ಥಳಕ್ಕೆ ನಡೆದರು.

ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯೇ ಆ ಮಂಗಳವಾಡ. ಅಲ್ಲಿ ಅವರು ಕರಣಿಕರ ಸಾಲಿನಲ್ಲಿ ಸೇರಿದರು. ಅಂದರೆ ಇಂದಿನ ಮಾತಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಹಿರಿಯ ಕರಣಿಕರು ಮಾಡಿದ ಲೆಕ್ಕದಲ್ಲಿಯ ತಪ್ಪನ್ನು ಕಂಡುಹಿಡಿದದ್ದರಿಂದ ಅವರ ಬುದ್ಧಿಯು ಬೆಳಕಿಗೆ ಬಂದಿತೆಂದು ಕಥೆಯಿದೆ. ಯಾರಿಂದಲೂ ಓದಲಾಗದ ಲಿಪಿಯನ್ನು ಓದಿ ಹೂಳಿದ್ದ ನಿಧಿಯೊಂದನ್ನು ಅರಸನಿಗೆ ತೋರಿಸಿಕೊಟ್ಟರೆಂದು ಪುರಾಣಗಳು ಹೇಳುತ್ತವೆ. ನಿಧಿಯ ಕಥೆಯನ್ನು ವಾಚಕರು ನಂಬಲಿ ಬಿಡಲಿ, ಅದರ ತಾತ್ಪರ್ಯವು ಸ್ಪಷ್ಟವಾಗಿದೆ: ಹೊನ್ನು ಎಲ್ಲಿದೆಯೆಂಬದು ತನಗೊಬ್ಬನಿಗೇ ಗೊತ್ತಿದ್ದಾಗಲೂ ಅದನ್ನು ಉಡಿಗೆ ಹಾಕಿಕೊಳ್ಳದ ಮನುಷ್ಯನೆಂದು ಜನರು ಅವರನ್ನು ತಿಳಿದಿದ್ದರು. ಕಳಚುರಿ ಬಿಜ್ಜಳನು ೧೧೫೭ರಿಂದ ೧೧೬೨ರ ವರೆಗಿನ ಕಾಲದಲ್ಲಿ ಚಾಲುಕ್ಯರ ಅಧಿಕಾರವನ್ನು ಹಂತಹಂತವಾಗಿ ತನ್ನದಾಗಿ ಮಾಡಿಕೊಂಡು ಕಲ್ಯಾಣದ ಅರಸನಾದನು. ಬಸವಣ್ಣನವರು ಅವನ ಭಂಡಾರಿಗಳಾದರು. ಗಂಗಾಂಬಿಕೆ ನೀಲಾಂಬಿಕೆಯರ ಕೈ ಹಿಡಿದು ಗೃಹಸ್ಥರಾದರು. ಅಧಿಕಾರ, ಹಣ, ಮನೆ, ಮಾನ್ಯತೆ, ಸಂಸಾರಿಯು ಬಯಸುವದೆಲ್ಲವೂ ಅವರಿಗೆ ದೊರೆತಿತ್ತು.

ಆ ಸ್ಥಾನದಲ್ಲಿ ಕುಳಿತವರಿಗೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಭೋಗಿಸುವದು ಒಂದು, ಬೇಸತ್ತು ಬಿಡುವದು ಇನ್ನೊಂದು. ಬಸವಣ್ಣನವರು ಮೂರನೆಯ ದಾರಿಯನ್ನು ಕಂಡರು. ಅವರೂ ಅವರ ಸಂಗಡಿಗರಾದ ಶರಣರೂ ಅದಕ್ಕೆ ಕಾಯಕ ದಾಸೋಹಗಳೆಂದು ಹೆಸರಿಟ್ಟರು. ಕಾಯಕವೆಂದರೆ ತನ್ನ ಮೈಯ ದುಡಿಮೆಯಿಂದ ಶುದ್ಧವಾಗಿ ಗಳಿಸುವದು. ದಾಸೋಹವೆಂದರೆ ಗಳಿಸಿದ್ದರಲ್ಲಿ ಅವಶ್ಯವಿದ್ದಷ್ಟನ್ನು ಉಂಡು ಮಿಕ್ಕದ್ದನ್ನು ಸಮಾಜಕ್ಕೆ ಸಲ್ಲಿಸುವದು. ದಾಸೋಹವನ್ನು ದಾನವೆಂದು ತಿಳಿಯುವದು ತಪ್ಪು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನದಲ್ಲದ್ದನ್ನು ಅದರ ಒಡೆಯನಿಗೆ ಒಪ್ಪಿಸುವ ಭಂಡಾರಿ. ಬಿಜ್ಜಳನ ಬೊಕ್ಕಸದ ಕಾವಲಿನಲ್ಲಿ ಕಲಿತ ಪಾಠವನ್ನೇ ಬಸವಣ್ಣನವರು ಇಡಿಯ ಜೀವನಕ್ಕೆ ಅನ್ವಯಿಸಿದರೆಂದು ನಮಗೆ ತೋರುತ್ತದೆ. ಭಂಡಾರಿಯು ರಾಶಿಯನ್ನು ಎಣಿಸುತ್ತಾನೆ, ಆದರೆ ಅದು ತನ್ನದೆಂದು ಎಣಿಸುವದಿಲ್ಲ. ಏಳು ಶತಮಾನಗಳ ಮೇಲೆ ಗಾಂಧೀಜಿಯವರು ಧನಿಕರು ತಮ್ಮ ಸಂಪತ್ತಿಗೆ ಧರ್ಮದರ್ಶಿಗಳು ಮಾತ್ರವೆಂದು ಬೋಧಿಸಿದಾಗ, ಕನ್ನಡಿಗರಿಗೆ ಅದು ಪರಿಚಿತವಾದ ದನಿಯಾಗಿತ್ತು.

ಇಂಥ ಮನುಷ್ಯನ ಮೇಲೆ ಚಾಡಿ ಬರದಿರುವದು ಅಸಾಧ್ಯ. ಅರಸನ ಹಣವನ್ನು ಜಂಗಮರ ಊಟಕ್ಕೆ ಸುರಿಯುತ್ತಿದ್ದಾನೆಂದು ಆಸ್ಥಾನದವರು ಬಿಜ್ಜಳನ ಕಿವಿಯಲ್ಲಿ ಊದಿದರು. ಅರಸನು ಬೊಕ್ಕಸವನ್ನು ತೆಗೆಯಿಸಿ ಎಣಿಸಿ ನೋಡಿದನೆಂದೂ ಒಂದು ಹಣವೂ ಕಡಿಮೆಯಿರಲಿಲ್ಲವೆಂದೂ ಪುರಾಣಗಳು ಸಾರುತ್ತವೆ. ಪುರಾಣಕಾರರು ಇದನ್ನು ಪವಾಡವೆಂದು ಬಗೆದರು. ನಮಗಾದರೋ ಅದರಲ್ಲಿ ಪವಾಡದ ಅವಶ್ಯಕತೆಯೇ ಕಾಣುವದಿಲ್ಲ. ಸಾರ್ವಜನಿಕ ಹಣದ ಲೆಕ್ಕವು ಕಾಸಿಗೆ ಕಾಸು ಸರಿಯಾಗಿರುವದು ಪ್ರಾಮಾಣಿಕತೆಯ ಸಹಜ ಫಲ. ಅದು ಪವಾಡವೆಂದು ತೋರುವಷ್ಟು ಅಪರೂಪವಾಯಿತೆಂಬದೇ ಶೋಚನೀಯ. ಯಾವ ಕ್ಷಣದಲ್ಲಿ ಬೇಕಾದರೂ ಬೀಗವನ್ನು ತೆಗೆದು ತೋರಿಸಬಲ್ಲವನ ನಿದ್ರೆಯು ಎಂಥದಿರಬಹುದೆಂಬದನ್ನು ಕೋಟಿ ಇದ್ದೂ ಅಧಿಕಾರಿಗಳ ಬರವಿಗೆ ಬೆದರುವವರು ಊಹಿಸಿಕೊಳ್ಳಲಿ.

ಆದರೆ ಹಣದ ವಿಷಯದಲ್ಲಿ ಭಂಡಾರಿಯನ್ನೂ ಮೀರಿಸಿದವರು ಕಲ್ಯಾಣದಲ್ಲಿದ್ದರು. ಅವರ ಕಥೆಯಿಲ್ಲದೆ ಬಸವಣ್ಣನವರ ಕಥೆಯು ಪೂರ್ಣವಾಗುವದಿಲ್ಲ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದವರು. ಅಂದರೆ ನಮ್ಮ ಇಳಕಲ್ಲಿನ ನೆರೆಯ ಲಿಂಗಸೂಗೂರು ಸೀಮೆಯವರು. ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವದೇ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಡ ಶರಣನಿಗೆ ಸಹಾಯವಾಗಲೆಂದು ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಕೆಲವರು ಹೇಳುತ್ತಾರೆ. ಲಕ್ಕಮ್ಮ ಸಂತೋಷಪಡಲಿಲ್ಲ. ಅಂದಂದಿನ ಅವಶ್ಯಕತೆಗಿಂತ ಹೆಚ್ಚಿನದು ಆಸೆಯ ಗುರುತೆಂದು ಗಂಡನನ್ನು ಎಚ್ಚರಿಸಿ, ಮಿಕ್ಕ ಅಕ್ಕಿಯನ್ನು ತಿರುಗಿ ಅದೇ ಅಂಗಳಕ್ಕೆ ಕಳಿಸಿದಳು. ಇಲ್ಲಿ ದೊಡ್ಡವರು ಯಾರು? ಕೊಡಬಯಸಿದ ಮಂತ್ರಿಯೋ, ಬೇಡವೆಂದ ಬಡವಿಯೋ? ಬಸವಣ್ಣನವರು ಈ ಪ್ರಶ್ನೆಗೆ ಮನದಲ್ಲಿಯೇ ಉತ್ತರವನ್ನು ಕಂಡುಕೊಂಡು ತಲೆ ಬಾಗಿಸಿರಬೇಕು.

ಮೋಳಿಗೆಯ ಮಾರಯ್ಯನ ಕಥೆಯೂ ಇಂಥದೇ. ಆತನು ಕಾಶ್ಮೀರದ ಅರಸುತನವನ್ನು ಬಿಟ್ಟು, ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಬದುಕಿದನೆಂದು ಪರಂಪರೆ. ಅವನ ಗುಡಿಸಲಿಗೆ ಹೋಗಿ ಅಂಬಲಿಯನ್ನು ಸವಿದ ಬಸವಣ್ಣನವರು, ಅವನ ಬಡತನಕ್ಕೆ ಮರುಗಿ, ಯಾರಿಗೂ ತಿಳಿಯದಂತೆ ಹೊನ್ನನ್ನಿಟ್ಟು ಬಂದರು. ಮಾರಯ್ಯನು ಅದನ್ನು ಮುಟ್ಟಲಿಲ್ಲ; ಜಂಗಮರಿಗೆ ಹಂಚಿ ಮತ್ತೆ ಹೊರೆಯನ್ನು ಹೊತ್ತನು. ಈ ಕಥೆಗಳನ್ನು ಬಡತನದ ಸ್ತೋತ್ರಗಳೆಂದು ಯಾರೂ ತಿಳಿಯಬಾರದು. ಲಕ್ಕಮ್ಮನಾಗಲಿ ಮಾರಯ್ಯನಾಗಲಿ ಹಸಿವನ್ನು ಹೊಗಳಲಿಲ್ಲ. ಇಬ್ಬರ ಮನೆಯಲ್ಲಿಯೂ ಒಲೆ ಉರಿಯುತ್ತಿತ್ತು, ಅತಿಥಿಗೆ ಅನ್ನವಿತ್ತು. ತಮ್ಮ ದುಡಿಮೆಯಿಂದ ತಮ್ಮ ಅವಶ್ಯಕತೆಯು ತೀರುತ್ತಿದ್ದುದರಿಂದ ಇನ್ನೊಬ್ಬರ ಮರುಕವು ಅವರಿಗೆ ಬೇಡವಾಗಿತ್ತು. ಮಾನವುಳ್ಳ ದುಡಿಮೆ, ಹಂಗಿಲ್ಲದ ಊಟ, ಹಂಚಿಕೊಳ್ಳಲು ಒಂದು ತುತ್ತು. ಇದಿಷ್ಟು ಇದ್ದಲ್ಲಿ ಹೆಚ್ಚಿನ ಹೊನ್ನು ಸುಖವನ್ನು ಹೆಚ್ಚಿಸದೆ ಕದಡಿದರೂ ಕದಡೀತೆಂದು ಅವರು ಕಂಡಿದ್ದರು.

ಈಚಿನ ಪಾಶ್ಚಾತ್ಯ ಪಂಡಿತರು ಇದೇ ಪ್ರಶ್ನೆಯನ್ನು ಅಂಕಿಸಂಖ್ಯೆಗಳಿಂದ ತೂಗಿ ನೋಡಿದ್ದಾರೆ. ೧೯೭೪ರಲ್ಲಿ ಅಮೇರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ನರು, ಒಂದೇ ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ತಮ್ಮನ್ನು ಹೆಚ್ಚು ಸುಖಿಗಳೆಂದು ಹೇಳಿಕೊಂಡರೂ, ದೇಶಕ್ಕೆ ದೇಶವೇ ಶ್ರೀಮಂತವಾಗುತ್ತ ಹೋದಂತೆ ಅದರ ಜನರ ಸುಖವು ಅದೇ ಪ್ರಮಾಣದಲ್ಲಿ ಏರುವದಿಲ್ಲವೆಂದು ವಾದಿಸಿದರು. ಆ ವಾದವನ್ನು ಅಲ್ಲಗಳೆದವರೂ ಇದ್ದಾರೆ. ೨೦೨೩ರಲ್ಲಿ ಡೇನಿಯಲ್ ಕಾನೆಮನ್ನರೂ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ಥರೂ ಕೂಡಿ ಪ್ರಕಟಿಸಿದ ಪ್ರಬಂಧವು, ಬಹುಜನರ ಸುಖವು ಆದಾಯದೊಡನೆ ಏರುತ್ತಲೇ ಹೋಗುವದೆಂದೂ, ಆದರೆ ಅತ್ಯಂತ ದುಃಖಿಗಳಾದವರಿಗೆ ಒಂದು ಮಿತಿಯಾಚೆ ಹೆಚ್ಚಿನ ಹಣವು ಉಪಯೋಗಕ್ಕೆ ಬರುವದಿಲ್ಲವೆಂದೂ ತಿಳಿಸುತ್ತದೆ. ಅದಕ್ಕಿಂತಲೂ ನಮಗೆ ಹತ್ತಿರದ್ದು ೨೦೦೮ರಲ್ಲಿ ಕೆನಡಾದ ಎಲಿಜಬೆತ್ ಡನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗ. ಕೆಲವರಿಗೆ ಐದು, ಕೆಲವರಿಗೆ ಇಪ್ಪತ್ತು ಡಾಲರುಗಳನ್ನು ಕೊಟ್ಟು, ಅರ್ಧ ಜನರು ತಮಗಾಗಿಯೂ ಅರ್ಧ ಜನರು ಪರರಿಗಾಗಿಯೂ ಸಂಜೆಯೊಳಗೆ ವೆಚ್ಚ ಮಾಡುವಂತೆ ಹೇಳಲಾಯಿತು. ಸಂಜೆಗೆ ಹೆಚ್ಚು ಸಂತೋಷದಿಂದಿದ್ದವರು ಪರರಿಗಾಗಿ ವೆಚ್ಚ ಮಾಡಿದವರು. ಮೊತ್ತವು ಐದೋ ಇಪ್ಪತ್ತೋ ಎಂಬದರಿಂದ ಭೇದವೇನೂ ಆಗಲಿಲ್ಲ. ಕಲ್ಯಾಣದ ಶರಣರು ಇದನ್ನು ಪ್ರಯೋಗಶಾಲೆಯಿಲ್ಲದೆ ಅರಿತಿದ್ದರೆಂದು ಹೆಮ್ಮೆಪಟ್ಟು ನಾವು ಸುಮ್ಮನಾಗಬಾರದು. ಅರಿತದ್ದನ್ನು ಅವರು ನಡೆದು ತೋರಿಸಿದರೆಂಬದನ್ನು ನೆನೆಯಬೇಕು.

ಹಾಗಾದರೆ ಬಸವಣ್ಣನವರು ಸುಖಿಗಳಾಗಿದ್ದರೇ? ಇಲ್ಲಿ ಅತ್ಯುಕ್ತಿಗೆ ಎಡೆಗೊಡಬಾರದು. ಅವರ ವಚನಗಳನ್ನು ಓದಿದವರು ಬಲ್ಲರು: ಅಲ್ಲಿ ಸಂತೃಪ್ತನಾದ ಶ್ರೀಮಂತನ ನಗುವಿಲ್ಲ. ತನ್ನ ಕೊರತೆಯನ್ನು ತಾನೇ ಎತ್ತಿ ತೋರಿಸಿಕೊಳ್ಳುವ ಸಂಕಟವಿದೆ, ಮನದ ಚಂಚಲತೆಯ ಬಗ್ಗೆ ದುಃಖವಿದೆ, ಅರಸನ ಊಳಿಗದಲ್ಲಿದ್ದೇನೆಂಬ ಅಳುಕೂ ಇದೆ. ಕೊನೆಗೆ ಹೊಸ ಸಮಾಜದ ಬೆಲೆಯನ್ನು ಅವರು ಬಹು ದೊಡ್ಡ ಮೊತ್ತದಲ್ಲಿ ತೆರಬೇಕಾಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ಲಗ್ನವಾದಾಗ ಕಲ್ಯಾಣವು ಹೊತ್ತಿ ಉರಿಯಿತು. ಬಿಜ್ಜಳನು ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆಯನ್ನು ಕೊಟ್ಟು ಕೊಲ್ಲಿಸಿದನು. ಶರಣರು ದಿಕ್ಕುಪಾಲಾದರು. ೧೧೬೭ರ ಸುಮಾರಿಗೆ ಬಿಜ್ಜಳನ ಆಳಿಕೆಯೇ ಮುಗಿಯಿತು. ಬಸವಣ್ಣನವರು ಭಂಡಾರದ ಬೀಗದ ಕೈಯನ್ನು ಒಪ್ಪಿಸಿ, ಬಾಲ್ಯದಲ್ಲಿ ಬಂದಂತೆಯೇ ಬರಿಗೈಯಿಂದ ಕೂಡಲಸಂಗಮಕ್ಕೆ ತಿರುಗಿ ಬಂದು ಅಲ್ಲಿಯೇ ಐಕ್ಯರಾದರು. ಸುಖವೆಂಬದು ದುಃಖವಿಲ್ಲದಿರುವದೇ ಆದರೆ ಅವರು ಸುಖಿಗಳಲ್ಲ. ಆದರೆ ಹಣದ ಹಂಗೂ ಹಣ ಹೋದೀತೆಂಬ ಭಯವೂ ಇಲ್ಲದೆ ಬಾಳುವದು ಸುಖವಾದರೆ, ಅವರಷ್ಟು ಸುಖಿಗಳನ್ನು ನಾಡು ಹೆಚ್ಚಾಗಿ ಕಂಡಿಲ್ಲ. ಪದವಿಯು ಹೋದಾಗ ಅವರಿಂದ ಹೋದದ್ದು ಪದವಿಯೊಂದೇ.

ಈ ಮಾತುಗಳನ್ನು ಇಂದು ಬರೆಯುವದಕ್ಕೆ ಕಾರಣವುಂಟು. ೧೯೬೪ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು, ನವನಗರವು ಎದ್ದಿತು. ಸಂಗಮದಲ್ಲಿಯ ಐಕ್ಯಸ್ಥಳವನ್ನು ಸಹ ಬಸವಸಾಗರದ ನೀರಿನಿಂದ ಕಾಯಲು ಸುತ್ತಲೂ ಗೋಡೆಯನ್ನು ಕಟ್ಟಬೇಕಾಯಿತು. ಹೊಲ ಮನೆಗಳನ್ನು ಕಳೆದುಕೊಂಡವರ ಕೈಗೆ ಪರಿಹಾರದ ಹಣ ಬಂದಿತು. ತಲೆಮಾರುಗಳಿಂದ ಜೋಳದ ರಾಶಿಯನ್ನು ಕಂಡ ಕೈಗಳು ನೋಟಿನ ಕಂತೆಯನ್ನು ಕಂಡವು. ಅದನ್ನು ಹೊಲವಾಗಿಯೋ ಮಕ್ಕಳ ವಿದ್ಯೆಯಾಗಿಯೋ ಮಾರ್ಪಡಿಸಿದ ಮನೆಯು ನಿಂತೀತು. ಹಣವನ್ನು ಹಣವಾಗಿಯೇ ಇಟ್ಟು ಕರಗಿಸಿದ ಮನೆಗೆ ಹೊಲವೂ ಇಲ್ಲ, ಹಣವೂ ಇಲ್ಲ. ಇನ್ನೊಂದು ಕಡೆಗೆ ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕುಳಿತು ಟೋಪ ತೆನಿಯ ಸೆರಗನ್ನು ನೇಯುವವನೂ, ಗುಳೇದಗುಡ್ಡದ ಖಣದ ನೇಕಾರನೂ, ಬಾದಾಮಿ ಹುನಗುಂದ ಸೀಮೆಗಳಿಂದ ಗೋವೆ ಮಂಗಳೂರುಗಳಿಗೆ ಗುಳೆ ಹೋಗುವ ಕೂಲಿಕಾರನೂ ಇದ್ದಾರೆ. ಇವರ ಮುಂದೆ ನಿಂತು ಹಣದಿಂದ ಸುಖವಿಲ್ಲವೆಂದು ಪ್ರವಚನ ಮಾಡುವದು ಬಸವಣ್ಣನವರ ಹೆಸರಿಗೆ ಅವಮಾನ. ಕಾಯಕಕ್ಕೆ ತಕ್ಕ ಬೆಲೆಯು ದೊರೆಯದ ಸಮಾಜದಲ್ಲಿ ದಾಸೋಹದ ಮಾತು ಬರಿಯ ಸೋಗು. ಅವರಿಗೆ ಇನ್ನಷ್ಟು ಹಣ ಬಂದರೆ ನಿಶ್ಚಯವಾಗಿಯೂ ಇನ್ನಷ್ಟು ಸುಖವುಂಟು: ಮಗುವಿಗೆ ಔಷಧ, ಮನೆಗೆ ಮಾಳಿಗೆ, ಊರಿನಲ್ಲಿಯೇ ಉಳಿಯುವ ಭಾಗ್ಯ.

ಆದುದರಿಂದ ಭಂಡಾರಿ ಬಸವಣ್ಣನವರ ಜೀವನದಿಂದ ಹೊರಡುವ ಉತ್ತರವು ಇಬ್ಬರಿಗೆ ಬೇರೆ ಬೇರೆ. ಇಲ್ಲದವನಿಗೆ ಹಣವು ಸುಖದ ಬಾಗಿಲು. ಅದನ್ನು ಅವನ ದುಡಿಮೆಯ ಹಕ್ಕಾಗಿ ಕೊಡಬೇಕು, ಕರುಣೆಯಾಗಿ ಅಲ್ಲ. ಉಳ್ಳವನಿಗೆ ಹಣವು ಸುಖದ ಬಾಗಿಲಲ್ಲ, ಕೇವಲ ಬೀಗದ ಕೈ. ಅದರಿಂದ ಅವನು ತನ್ನ ಪೆಟ್ಟಿಗೆಯನ್ನು ಮುಚ್ಚಿಟ್ಟುಕೊಳ್ಳಲೂ ಬಹುದು, ಪರರ ಬಾಗಿಲನ್ನು ತೆರೆಯಲೂ ಬಹುದು. ೨೦೨೪ರಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಘೋಷಣೆಯು ಒಳ್ಳೆಯದೇ. ಆದರೆ ಆ ನಾಯಕರು ಹೆಸರಾದದ್ದು ಲೆಕ್ಕದ ಶುದ್ಧಿಗಾಗಿ. ಅವರ ಭಾವಚಿತ್ರವನ್ನು ತೂಗುಹಾಕಿರುವ ಪ್ರತಿಯೊಂದು ಕಚೇರಿಯೂ ಪ್ರತಿಯೊಂದು ಅಂಗಡಿಯೂ ಪ್ರತಿಯೊಂದು ಸಹಕಾರಿ ಸಂಘವೂ ತನ್ನ ಖಾತೆಯ ಪುಸ್ತಕವನ್ನು ಆ ಚಿತ್ರದ ಕೆಳಗೆ ತೆರೆದಿಡಬಲ್ಲದೇ? ನೇಕಾರನ ಮಜೂರಿಯು ಅದರಲ್ಲಿ ಸರಿಯಾಗಿ ಬರೆದಿದೆಯೇ? ಮಿಕ್ಕದ್ದು ಎಲ್ಲಿಗೆ ಹೋಯಿತೆಂಬದಕ್ಕೆ ಕಲಮು ಇದೆಯೇ? ಇವಕ್ಕೆ ಅಂಜದೆ ಉತ್ತರ ಕೊಡಬಲ್ಲವನು ಬಡವನಿರಲಿ ಬಲ್ಲಿದನಿರಲಿ, ರಾತ್ರಿ ನೆಮ್ಮದಿಯಿಂದ ಮಲಗುತ್ತಾನೆ. ಹಣದಿಂದ ದೊರೆಯಬಹುದಾದ ಸುಖಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾವು ಕಾಣೆವು.